ಕಡೆದ ಪೆನ್ನಿಗೆ ಯಾವ ಮೇಣ?

ನಮ್ಮ ಕಾಲೇಜಿನ ಮಕ್ಕಳಲ್ಲಿ ಬಹಳಷ್ಟು ಜನ ಪೀಣ್ಯ, ದಾಸರಹಳ್ಳಿ, ಲಗ್ಗೆರೆ ಕಡೆಯವರು. ಲೇತ್ ಎಂದರೇನು ಎಂದು ಇವರಿಗೆ ಪಾಠ ಹೇಳಬೇಕಾಗಿಲ್ಲ. ಮನೆಯಲ್ಲಿ ಯಾರಾದರೊಬ್ಬರು ಅದರ ಮುಂದೆ ನಿಂತೇ ಸಂಸಾರ ತೂಗಿಸಿರುತ್ತಾರೆ. ಅದಕ್ಕೇ ಇರಬೇಕು, ದ್ವಿತೀಯ ಪಿಯುಸಿಯ ಕೆಲವರು ಸಣ್ಣದೊಂದು ಮರದ ಲೇತ್ ಹೊಂದಿಸಿಕೊಂಡು ಪೆನ್ನು ಕಡೆಯಲು ಶುರು ಮಾಡಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಈ ವರ್ಷ ಅವರು ಇನ್ನೊಂದು ಹೆಜ್ಜೆ ಮುಂದೆ ಇಟ್ಟಿದ್ದಾರೆ. ಪೆನ್ನು ಮಾರಿ ಬಂದ ಹಣದಲ್ಲಿ, ಕಟ್ಟಲು ಕಷ್ಟವಿರುವ ಸಹಪಾಠಿಗಳ ಪರೀಕ್ಷಾ ಶುಲ್ಕ ಕಟ್ಟಬೇಕೆಂದು ತೀರ್ಮಾನಿಸಿದ್ದಾರೆ.

ಕಳೆದ ವಾರ ಅವರು ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಎರಡು ಪೆನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಎರಡೂ ಒಂದೇ ಹಲಸಿನ ತುಂಡಿನಿಂದ ಮಾಡಿದ್ದು, ಎರಡಕ್ಕೂ ಒಂದೇ ಜೇನುಮೇಣ. ಒಂದು ಅಂದೇ ಮುಗಿಸಿದ್ದು, ಇನ್ನೊಂದು ನಮ್ಮ ಗ್ರಂಥಪಾಲಕರು ಎರಡು ತಿಂಗಳು ದಿನವೂ ಬಳಸಿದ್ದು. ಹಳೆಯದರಲ್ಲಿ ಕ್ಲಿಪ್ಪಿನ ಸುತ್ತ ಹೊಳಪು ಹಾಗೇ ಇತ್ತು. ಬೆರಳು ಹಿಡಿಯುವ ಜಾಗ ಮಾತ್ರ ಮಂಕಾಗಿ, ಸ್ವಲ್ಪ ಕೊಳೆ ಕೂತಿತ್ತು. "ಮೇಡಂ, ದುಡ್ಡು ಕೊಟ್ಟು ತಗೊಂಡವರ ಪೆನ್ನೂ ಹೀಗೇ ಆದರೆ? ಯಾವ ಮೇಣ ಹಚ್ಚಬೇಕು?" ಎಂದು ಕೇಳಿದರು. ಎಲ್ಲರಿಗೂ ಉಪಯೋಗವಾಗಲಿ ಎಂದು ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಪಠ್ಯದ ಎಸ್ಟರು, ಹೈಡ್ರೋಕಾರ್ಬನ್ನು, ಘರ್ಷಣೆ ಎಲ್ಲವೂ ಇದರಲ್ಲಿ ಬರುತ್ತವೆ.

ಮೊದಲು ಕೈಯನ್ನು ನೋಡಿ

ಆ ಎರಡು ಪೆನ್ನುಗಳೇ ಅರ್ಧ ಉತ್ತರ ಹೇಳಿವೆ. ಮೇಣ ತಾನಾಗಿಯೇ ಹಾಳಾಗುವಂಥದ್ದಾಗಿದ್ದರೆ ಪೆನ್ನು ಪೂರ್ತಿ ಮಂಕಾಗಬೇಕಿತ್ತು. ಆಗಿದ್ದು ಬೆರಳಿನ ಜಾಗದಲ್ಲಿ ಮಾತ್ರ. ಹಾಗಾದರೆ ನಮ್ಮ ಕೈ ಆ ಮೇಣಕ್ಕೆ ಏನು ಮಾಡುತ್ತದೆ?

ಬೆರಳ ಚರ್ಮದ ಉಷ್ಣತೆ ಸಾಮಾನ್ಯವಾಗಿ 30ರಿಂದ 35 ಡಿಗ್ರಿ ಸೆಲ್ಸಿಯಸ್. ಬೆವರಿನಲ್ಲಿ ಉಪ್ಪು ಇದೆ, ಅದು ಸ್ವಲ್ಪ ಆಮ್ಲೀಯ. ಚರ್ಮದಲ್ಲಿ ಜಿಡ್ಡು ಇದೆ, ತಲೆ ಮುಟ್ಟಿದರೆ ತೆಂಗಿನೆಣ್ಣೆಯೂ ಸೇರುತ್ತದೆ. ಅತ್ತರು ಹಚ್ಚಿಕೊಳ್ಳುವವರ ಕೈಯಲ್ಲಿ ಅದರ ಎಣ್ಣೆ ಇರುತ್ತದೆ. ವುಜೂ ಮಾಡಿ ಬಂದ ಒದ್ದೆ ಕೈಯಲ್ಲೇ ಪೆನ್ನು ಹಿಡಿಯುತ್ತೇವೆ. ಸೋಪು ಕ್ಷಾರೀಯ. 2020ರ ನಂತರ ಚೀಲದಲ್ಲಿ ಸ್ಯಾನಿಟೈಜರ್ ಇಟ್ಟುಕೊಳ್ಳುವುದು ಅಭ್ಯಾಸವಾಗಿದೆ, ಅದರಲ್ಲಿರುವುದು ಆಲ್ಕೋಹಾಲ್. ಇವೆಲ್ಲದರ ಮೇಲೆ ಬೆರಳಿನ ಉಜ್ಜಾಟ ಬೇರೆ.

ಶೋಕೇಸಿನಲ್ಲಿಡುವ ಮರದ ಬಟ್ಟಲಿಗೂ ಪೆನ್ನಿಗೂ ಇರುವ ವ್ಯತ್ಯಾಸ ಇದು. ಬಟ್ಟಲಿಗೆ ಹಚ್ಚಿದ ಮೇಣವನ್ನು ವರ್ಷಕ್ಕೆ ಹತ್ತು ಸಲ ಯಾರಾದರೂ ಮುಟ್ಟಿಯಾರು. ಪೆನ್ನಿನ ಮೇಣವನ್ನು ದಿನಕ್ಕೆ ನೂರು ಸಲ ಬೆಚ್ಚಗಿನ, ಜಿಡ್ಡಿನ ಕೈ ಉಜ್ಜುತ್ತದೆ.

ಹೊಳಪು ಬರುವುದು ಮರದಿಂದ

ಮೇಣಗಳ ಮಾತಿಗೆ ಮೊದಲು ಇನ್ನೊಂದು ವಿಷಯ. ಮೇಲ್ಮೈ ನಯವಾಗಿದ್ದರೆ ಬೆಳಕು ಒಂದೇ ದಿಕ್ಕಿಗೆ ಪ್ರತಿಫಲಿಸುತ್ತದೆ, ಗೀರುಗಳಿದ್ದರೆ ಚದುರುತ್ತದೆ. ಮೇಣದ ಪದರ ಬಹಳ ತೆಳು. ಅದು ಅತಿ ಸಣ್ಣ ಗೀರುಗಳನ್ನು ತುಂಬಬಲ್ಲದು, ದೊಡ್ಡ ಗೀರನ್ನು ಮುಚ್ಚಲಾರದು. ಬದಲಿಗೆ ಇನ್ನೂ ಎದ್ದು ಕಾಣುವಂತೆ ಮಾಡುತ್ತದೆ.

ಆದ್ದರಿಂದ ಮರಳು ಕಾಗದವನ್ನು 240, 320, 400, 600 ಎಂಬ ಕ್ರಮದಲ್ಲೇ ಬಳಸಿ, ನಡುವೆ ಹಾರಬೇಡಿ. ಪ್ರತಿ ಹಂತದ ಕೊನೆಗೆ ಲೇತ್ ನಿಲ್ಲಿಸಿ, ಮರದ ಎಳೆಯ ಉದ್ದಕ್ಕೆ ಕೈಯಲ್ಲೇ ನಾಲ್ಕು ಸಲ ಉಜ್ಜಿ. ಲೇತ್ ತಿರುಗುವಾಗ ಬಿದ್ದ ಉಂಗುರದಂಥ ಗೀರುಗಳು ಆಗ ಹೋಗುತ್ತವೆ. ಧೂಳನ್ನು ಒರೆಸಿಯೇ ಮುಂದಿನ ಕಾಗದ ಹಿಡಿಯಿರಿ.

ಪೀಣ್ಯದವರಿಗೆ ಒಂದು ವಿಶೇಷ ಎಚ್ಚರಿಕೆ. ಕಬ್ಬಿಣ ಕಡೆಯುವ ಲೇತಿನಲ್ಲೇ ಮರ ಕಡೆಯುವುದಾದರೆ ಅದರ ಎಣ್ಣೆ ಮತ್ತು ಉಕ್ಕಿನ ಪುಡಿಯನ್ನು ಪೂರ್ತಿ ಒರೆಸಿ. ಮರದಲ್ಲಿರುವ ಟ್ಯಾನಿನ್ ಕಬ್ಬಿಣದ ಜತೆ ಒದ್ದೆಯಲ್ಲಿ ಸೇರಿದರೆ ನೀಲಿಗಪ್ಪು ಕಲೆಯಾಗುತ್ತದೆ. ಹಿಂದಿನ ಕಾಲದ ಶಾಯಿಯನ್ನು ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ಶಾಯಿ ಪೆನ್ನಿನ ಒಳಗಿರಲಿ.

ನಾಲ್ಕು ಮೇಣಗಳು

ಜೇನುಮೇಣ: ಇದು ಮುಖ್ಯವಾಗಿ ಎಸ್ಟರುಗಳ ಮಿಶ್ರಣ. ಅದರಲ್ಲಿ ಪ್ರಮುಖವಾದದ್ದು ಪಾಮಿಟಿಕ್ ಆಮ್ಲ ಮತ್ತು 30 ಕಾರ್ಬನ್ನಿನ ಉದ್ದ ಆಲ್ಕೋಹಾಲ್ ಸೇರಿ ಆದ ಎಸ್ಟರು. ಕರಗುವುದು 62ರಿಂದ 65 ಡಿಗ್ರಿಯಲ್ಲಿ. ಆದರೆ ಕರಗುವ ಮೊದಲೇ ಅದು ಮೆತ್ತಗಾಗುತ್ತದೆ. ಒಂದು ಚೂರನ್ನು ಅಂಗೈಯಲ್ಲಿ ಹಿಡಿದು ನೋಡಿ, ಸ್ವಲ್ಪ ಹೊತ್ತಿನಲ್ಲಿ ಮಿದ್ದಿ ಗೊಂಬೆ ಮಾಡಬಹುದು. ಅಂಗೈಯಲ್ಲಿ ಮಿದುವಾಗುವ ವಸ್ತು ಬೆರಳ ಹಿಡಿತದಲ್ಲಿ ಗಟ್ಟಿಯಾಗಿ ನಿಲ್ಲುವುದು ಹೇಗೆ? ಗ್ರಂಥಪಾಲಕರ ಪೆನ್ನಿಗೆ ಆದದ್ದು ಇದೇ. ಮೇಣ ಮೆತ್ತಗಾಯಿತು, ಜಿಡ್ಡು ಸೇರಿತು, ಧೂಳು ಅಂಟಿತು. ಆದರೂ ಜೇನುಮೇಣಕ್ಕೆ ಒಂದು ಗುಣವಿದೆ: ಹಚ್ಚುವುದು ಸುಲಭ, ಮರದ ಸ್ಪರ್ಶವನ್ನು ಕೆಡಿಸುವುದಿಲ್ಲ.

ಕಾರ್ನೂಬಾ ಮೇಣ: ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಯ ಎಲೆಗಳಿಂದ ಇದು ಬರುತ್ತದೆ. ಎಲೆ ಒಣಗಿಸಿ ಬಡಿದರೆ ಮೇಣ ಪುಡಿಯಾಗಿ ಉದುರುತ್ತದೆ. ಇದೂ ಎಸ್ಟರೇ, ಆದರೆ ನಿಸರ್ಗದಲ್ಲಿ ಸಿಗುವ ಮೇಣಗಳಲ್ಲಿ ಅತ್ಯಂತ ಗಟ್ಟಿಯಾದವುಗಳಲ್ಲಿ ಒಂದು. ಕರಗುವುದು 82ರಿಂದ 86 ಡಿಗ್ರಿಯಲ್ಲಿ. ಕೈಯ ಬಿಸಿ ಇದನ್ನು ಮೆತ್ತಗೆ ಮಾಡಲಾರದು. ಹೊಳಪೂ ಹೆಚ್ಚು. ತೊಂದರೆ ಏನೆಂದರೆ, ಅಷ್ಟೇ ಗಟ್ಟಿಯಾದ್ದರಿಂದ ಹಚ್ಚುವುದು ಕಷ್ಟ. ಬಿಸಿ ಸಾಲದಿದ್ದರೆ ಮೇಲ್ಮೈಯಲ್ಲಿ ಗೆರೆಗೆರೆಯಾಗಿ ನಿಲ್ಲುತ್ತದೆ. ಇದು ನಿಮಗೆ ಅಪರಿಚಿತವೇನಲ್ಲ. ಹೊಳೆಯುವ ಮಿಠಾಯಿಗಳ ಪೊಟ್ಟಣದ ಹಿಂದೆ 903 ಎಂಬ ಸಂಖ್ಯೆ ಕಂಡರೆ ಅದು ಕಾರ್ನೂಬಾ. 901 ಜೇನುಮೇಣ, 904 ಅರಗಿನಿಂದ ಮಾಡಿದ ಶೆಲ್ಯಾಕ್.

ಪ್ಯಾರಾಫಿನ್: ಮೇಣದ ಬತ್ತಿಯದು. ಪೆಟ್ರೋಲಿಯಂನಿಂದ ಬರುವ ನೇರ ಸರಪಳಿಯ ಹೈಡ್ರೋಕಾರ್ಬನ್. ಅಗ್ಗ, ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಮೆತ್ತಗೆ, ಹೊಳಪು ಕಡಿಮೆ. ಪೆನ್ನಿಗೆ ಬೇಡ.

ಮೈಕ್ರೋಕ್ರಿಸ್ಟಲೈನ್ ಮೇಣ: ಇದೂ ಪೆಟ್ರೋಲಿಯಂ ಮೂಲದ್ದೇ. ಆದರೆ ಇದರ ಸರಪಳಿಗಳು ಕವಲೊಡೆದಿರುವುದರಿಂದ ಹರಳುಗಳು ಬಹಳ ಸಣ್ಣವು. ಅದರಿಂದ ಮೇಲ್ಮೈಗೆ ಚೆನ್ನಾಗಿ ಅಂಟುತ್ತದೆ, ಬೆರಳಚ್ಚು ಸುಲಭವಾಗಿ ಕಾಣುವುದಿಲ್ಲ. ಜೇನುಮೇಣದಲ್ಲಿ ಸ್ವಲ್ಪ ಸ್ವತಂತ್ರ ಆಮ್ಲ ಇರುತ್ತದೆ, ಇದರಲ್ಲಿ ಇಲ್ಲ. ಅದಕ್ಕಾಗಿಯೇ ಹಳೆಯ ವಸ್ತುಗಳನ್ನು ಕಾಪಾಡಲು 1950ರ ದಶಕದಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಇಂಥ ಮೇಣದ ಪಾಲಿಶ್ ರೂಪಿಸಿದರು. ಪೆನ್ನು ಕಡೆಯುವವರು ಕೊನೆಯ ಪದರಕ್ಕೆ ಇದನ್ನು ಬಳಸುತ್ತಾರೆ.

ಅಂಗಡಿಯಲ್ಲಿ ಸಿಗುವ ಇನ್ನೆರಡು ಡಬ್ಬಿಗಳ ಬಗ್ಗೆಯೂ ಹೇಳಬೇಕು. ಬೂಟ್ ಪಾಲಿಶಿನಲ್ಲಿ ಒಳ್ಳೆಯ ಮೇಣ ಇರಬಹುದು, ಜತೆಗೆ ಬಣ್ಣವೂ ಇರುತ್ತದೆ. ಅದು ಬೆರಳಿಗೂ ಉತ್ತರ ಪತ್ರಿಕೆಗೂ ಹತ್ತುತ್ತದೆ. ಸಿಲಿಕೋನ್ ಇರುವ ಕಾರ್ ಪಾಲಿಶ್ ಹಚ್ಚಿದರೆ ಆಮೇಲೆ ಆ ಮರಕ್ಕೆ ಬೇರೆ ಯಾವ ಲೇಪವೂ ಸರಿಯಾಗಿ ಕೂರುವುದಿಲ್ಲ. ಎರಡನ್ನೂ ದೂರವಿಡಿ.

ಚನ್ನಪಟ್ಟಣದ ಪಾಠ

ಈ ಪ್ರಶ್ನೆಗೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಮೈಸೂರು ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್ ಹೋದರೆ ಚನ್ನಪಟ್ಟಣ. ಲೇತಿನ ಮೇಲೆ ಕಡೆದ ಮರಕ್ಕೆ ಹೊಳಪು ಕೊಡುವುದರಲ್ಲಿ ಆ ಊರಿನವರಿಗೆ ತಲೆಮಾರುಗಳ ಅನುಭವ ಇದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ಕಲೆ ಬಂತೆಂಬುದು ಅಲ್ಲಿನ ಹೇಳಿಕೆ. ಮುಂದೆ ಅದನ್ನು ಬೆಳೆಸಿದವರಲ್ಲಿ ಬಾವಾಸ್ ಮಿಯಾನ್ ಅವರ ಹೆಸರನ್ನು ಜನ ಇಂದೂ ಗೌರವದಿಂದ ನೆನೆಯುತ್ತಾರೆ. ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ.

ಅಲ್ಲಿ ಬಳಸುವುದು ಮುಖ್ಯವಾಗಿ ಹಾಲೆ ಮರ. ಬಿಳಿಚು ಬಣ್ಣ, ನುಣುಪಾದ ಎಳೆ. ಅದರ ಮೇಲೆ ಮೇಣ ಹಚ್ಚುವುದಿಲ್ಲ, ಅರಗು ಹಚ್ಚುತ್ತಾರೆ. ಅರಗು ಎಂದರೆ ಮುತ್ತುಗದಂಥ ಮರಗಳ ಕೊಂಬೆಗಳ ಮೇಲೆ ಒಂದು ಜಾತಿಯ ಸಣ್ಣ ಕೀಟ ಸ್ರವಿಸುವ ರಾಳ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಒತ್ತಿದ ಜಾಗದಲ್ಲಿ ಘರ್ಷಣೆಯಿಂದ ಬಿಸಿ ಹುಟ್ಟಿ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ, ಅಂದರೆ ಕೇದಗೆ ಜಾತಿಯ ಗಿಡದ ಒಣ ಎಲೆಯನ್ನು ಒತ್ತಿ ಹಿಡಿದು ಅರಗನ್ನು ಸಮನಾಗಿ ಹರಡಿ ಮೆರುಗು ಕೊಡುತ್ತಾರೆ. ಒಲೆ ಬೇಡ, ದ್ರಾವಕ ಬೇಡ.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಒಂದು, ಮಕ್ಕಳು ದಿನವಿಡೀ ಹಿಡಿದಾಡುವ ವಸ್ತುವಿಗೆ ಆ ಕುಶಲಕರ್ಮಿಗಳು ಬರೀ ಮೇಣವನ್ನು ನೆಚ್ಚಿಕೊಂಡಿಲ್ಲ. ಕೆಳಗೆ ಗಟ್ಟಿಯಾದ ರಾಳ ಇದೆ. ಕಚ್ಚಾ ಅರಗಿನಲ್ಲೇ ಸುಮಾರು ಶೇಕಡಾ 5ರಷ್ಟು ಮೇಣ ಸಹಜವಾಗಿ ಇರುತ್ತದೆ, ಜಾಸ್ತಿ ಇಲ್ಲ. ಕಾಪಾಡುವ ಕೆಲಸ ರಾಳದ್ದು, ಮೇಣದ್ದು ಮೇಲಿನ ನಯ. ಎರಡು, ಲೇಪ ಕರಗಲು ಬೇಕಾದ ಬಿಸಿಯನ್ನು ಲೇತೇ ಕೊಡುತ್ತದೆ.

ಅರಗಿಗೂ ದೌರ್ಬಲ್ಯಗಳಿವೆ. ಅರಗಿನ ಮನೆಯ ಕಥೆ ಕೇಳಿದವರಿಗೆ ಅದು ಬೆಂಕಿಗೆ ಸುಲಭದ ತುತ್ತೆಂದು ಗೊತ್ತು. 70 ಡಿಗ್ರಿಯ ಆಸುಪಾಸಿನಲ್ಲೇ ಅದು ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಪೆನ್ನು ಬಿಡಬಾರದು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ, ಹಾಗಾಗಿ ಸ್ಯಾನಿಟೈಜರ್ ಒಣಗುವ ಮೊದಲೇ ಪೆನ್ನು ಹಿಡಿದರೆ ಅಂಟಂಟಾಗುತ್ತದೆ. ಅದರಲ್ಲಿ ಆಮ್ಲ ಗುಂಪುಗಳಿರುವುದರಿಂದ ಕ್ಷಾರವೂ ಅದಕ್ಕೆ ಆಗದು.

ವೇಗದ ಲೆಕ್ಕ

"ಅವರಿಗೆ ಲೇತಿನಲ್ಲೇ ಕರಗುತ್ತದೆ, ನಮ್ಮ ಕಾರ್ನೂಬಾ ಯಾಕೆ ಗೆರೆಗೆರೆ?" ಎಂದು ಒಬ್ಬ ಹುಡುಗ ಕೇಳಿದ. ಉತ್ತರ ಭೌತಶಾಸ್ತ್ರದಲ್ಲಿದೆ. ಮೇಲ್ಮೈಯ ವೇಗ = π × ವ್ಯಾಸ × ಸೆಕೆಂಡಿಗೆ ಸುತ್ತು.

60 ಮಿಲಿಮೀಟರ್ ವ್ಯಾಸದ ಗೊಂಬೆ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಅದರ ಮೇಲ್ಮೈ ಸೆಕೆಂಡಿಗೆ ಸುಮಾರು 3.1 ಮೀಟರ್ ಓಡುತ್ತದೆ. 12 ಮಿಲಿಮೀಟರಿನ ಪೆನ್ನು ಅದೇ ವೇಗದಲ್ಲಿ ತಿರುಗಿದರೆ ಬರೀ 0.63 ಮೀಟರ್. ನಿಮಿಷಕ್ಕೆ 3000 ಸುತ್ತಿಗೆ ಏರಿಸಿದರೂ 1.9 ಮೀಟರ್ ಮಾತ್ರ. ಒತ್ತಡ ಒಂದೇ ಆಗಿದ್ದರೆ, ವೇಗ ಕಡಿಮೆಯಾದಷ್ಟೂ ಪ್ರತಿ ಸೆಕೆಂಡಿಗೆ ಹುಟ್ಟುವ ಘರ್ಷಣೆಯ ಬಿಸಿ ಕಡಿಮೆ. 82 ಡಿಗ್ರಿ ಮುಟ್ಟದಿದ್ದರೆ ಕಾರ್ನೂಬಾ ಹರಡುವುದಿಲ್ಲ.

ಪರಿಹಾರವೂ ಪೀಣ್ಯದಲ್ಲೇ ಇದೆ. ಪಾತ್ರೆ, ಕೊಳಾಯಿ ಭಾಗಗಳಿಗೆ ಪಾಲಿಶ್ ಮಾಡುವ ಬಫ್ ಚಕ್ರವನ್ನು ನೀವೆಲ್ಲ ನೋಡಿದ್ದೀರಿ. 200 ಮಿಲಿಮೀಟರಿನ ಬಟ್ಟೆಯ ಚಕ್ರ ನಿಮಿಷಕ್ಕೆ 1440 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 15 ಮೀಟರ್. ಚಕ್ರಕ್ಕೆ ಕಾರ್ನೂಬಾ ಸವರಿ, ಪೆನ್ನನ್ನು ಹಗುರವಾಗಿ ತಾಗಿಸಿದರೆ ಸಾಕು. ಲೋಹಕ್ಕೆ ಬಳಸಿದ ಚಕ್ರ ಬೇಡ, ಅದರ ಕಪ್ಪು ಮಸಿ ಮರದ ಎಳೆಗೆ ಇಳಿಯುತ್ತದೆ. ಮೇಣಕ್ಕೆಂದೇ ಹೊಸ ಚಕ್ರ ಇಟ್ಟುಕೊಳ್ಳಿ.

ಬಫ್ ಇಲ್ಲದವರು ಕಾರ್ನೂಬಾ ಮತ್ತು ಜೇನುಮೇಣವನ್ನು ಸಮ ತೂಕದಲ್ಲಿ ಕರಗಿಸಿ ಕಡ್ಡಿ ಮಾಡಿಕೊಳ್ಳಬಹುದು. ಜೇನುಮೇಣ ಹರಡಲು ಸಹಾಯ ಮಾಡುತ್ತದೆ, ಕಾರ್ನೂಬಾ ಗಟ್ಟಿತನ ಕೊಡುತ್ತದೆ. ಕರಗಿಸುವುದು ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, ನೇರ ಉರಿಯ ಮೇಲೆ ಅಲ್ಲ. ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ನಮ್ಮ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕಾರ್ನೂಬಾಗೆ ಅಷ್ಟು ಧಾರಾಳ ಸಾಕು.

ನನ್ನ ಸಲಹೆ

ಮಾರುವ ಪೆನ್ನಿಗೆ ಬರೀ ಮೇಣ ಸಾಲದು. ಈ ಕ್ರಮ ಅನುಸರಿಸಿ.

1. 600ರ ಕಾಗದದವರೆಗೆ ಉಜ್ಜಿ, ಧೂಳು ಪೂರ್ತಿ ತೆಗೆಯಿರಿ.

2. ಶೆಲ್ಯಾಕ್ ಚೂರನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಕೆಲವು ದಿನ ಅಲುಗಾಡಿಸದೆ ಇಡಿ. ಅರಗಿನ ಮೇಣ ಕದಡಾಗಿ ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಮೇಣ ತೆಗೆದ ಶೆಲ್ಯಾಕ್ ತೇವವನ್ನು ಹೆಚ್ಚು ತಡೆಯುತ್ತದೆ.

3. ತೆಳುವಾಗಿ ಎರಡು ಮೂರು ಪದರ ಹಚ್ಚಿ, ಪ್ರತಿ ಪದರವೂ ಒಣಗಲಿ. ಬೀಟೆ, ತೇಗ, ಹಲಸಿನಂಥ ರಂಧ್ರ ಹೆಚ್ಚಿರುವ ಮರಕ್ಕೆ ಇದು ಇನ್ನೂ ಮುಖ್ಯ. ರಂಧ್ರ ಮುಚ್ಚದಿದ್ದರೆ ಮೇಣ ಅದರಲ್ಲಿ ಕೂತು ಒಣಗಿ ಬಿಳಿ ಚುಕ್ಕೆಯಾಗಿ ಕಾಣುತ್ತದೆ.

4. ಮೇಲೆ ಕಾರ್ನೂಬಾ ಬಫ್ ಮಾಡಿ, ಅಥವಾ ಮಿಶ್ರಣದ ಕಡ್ಡಿ ಹಚ್ಚಿ ಉಜ್ಜಿ.

5. ಮೈಕ್ರೋಕ್ರಿಸ್ಟಲೈನ್ ಮೇಣ ಸಿಕ್ಕರೆ ಕೊನೆಗೆ ಒಂದು ತೆಳು ಪದರ.

ಇದಕ್ಕಿಂತ ಗಟ್ಟಿಯಾದದ್ದು ಬೇಕೆಂದರೆ ಸೈನೋಅಕ್ರಿಲೇಟ್, ಅಂದರೆ ತಕ್ಷಣ ಅಂಟುವ ಗೋಂದಿನ ಲೇಪ ಇದೆ. ಸ್ಯಾನಿಟೈಜರಿಗೂ ಬೆವರಿಗೂ ಅದು ಶೆಲ್ಯಾಕಿಗಿಂತ ಚೆನ್ನಾಗಿ ತಾಳುತ್ತದೆ. ಆದರೆ ಹಿಡಿದರೆ ಪ್ಲಾಸ್ಟಿಕ್ಕಿನಂತೆ ಅನಿಸುತ್ತದೆ. ಅದರ ಆವಿ ಕಣ್ಣು, ಮೂಗಿಗೆ ಉರಿ. ಹತ್ತಿ ಬಟ್ಟೆಗೆ ತಾಗಿದರೆ ಸುಡುವಷ್ಟು ಬಿಸಿಯಾಗುತ್ತದೆ. ಗಾಳಿಯಾಡದ ಕೋಣೆಯಲ್ಲಿ ಅದನ್ನು ಬಳಸಲು ನಾನು ಒಪ್ಪುವುದಿಲ್ಲ.

ಎಚ್ಚರಿಕೆ

ತಿರುಗುವ ಪೆನ್ನಿಗೆ ಮೇಣವನ್ನು ಬಟ್ಟೆಯಿಂದ ಹಚ್ಚಬೇಡಿ. ಬಟ್ಟೆ ಸುತ್ತಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಹರಿದುಹೋಗುವ ಟಿಶ್ಯೂ ಕಾಗದ ಬಳಸಿ, ಅದನ್ನೂ ಬೆರಳಿಗೆ ಸುತ್ತಿಕೊಳ್ಳಬೇಡಿ. ತೋಳು ಮಡಚಿ, ದುಪಟ್ಟಾ, ಸ್ಕಾರ್ಫಿನ ತುದಿ ಒಳಗೆ ಸಿಕ್ಕಿಸಿ, ಜಡೆ ಕಟ್ಟಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಸ್ಪಿರಿಟ್ ಹತ್ತಿರ ಬೆಂಕಿ ಬೇಡ, ಅದು ವಿಷ ಕೂಡ. ಅಗಸೆ ಎಣ್ಣೆ ಬಳಸಿದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಿಡಿಸಿ ಒಣಗಿಸಿ.

ಮಾರುವ ಮುನ್ನ ಒಂದು ಪ್ರಯೋಗ

ನನ್ನ ಮಾತನ್ನೂ ಸುಮ್ಮನೆ ನಂಬಬೇಡಿ. ಒಂದೇ ಹಾಲೆ ಮರದ ಕೋಲಿನ ಮೇಲೆ ಐದು ಪಟ್ಟಿ ಗುರುತು ಮಾಡಿ. ಒಂದನ್ನು ಹಾಗೇ ಬಿಡಿ. ಉಳಿದವಕ್ಕೆ ಜೇನುಮೇಣ, ಕಾರ್ನೂಬಾ, ಮಿಶ್ರಣ, ಮತ್ತು ಶೆಲ್ಯಾಕಿನ ಮೇಲೆ ಕಾರ್ನೂಬಾ. ದಿನಕ್ಕೆ ಇಷ್ಟು ಸಲ ಎಂದು ಎಣಿಸಿ ಹೆಬ್ಬೆರಳಿನಿಂದ ಉಜ್ಜಿ. ವಾರಕ್ಕೊಮ್ಮೆ ಬೇರೆ ಬೇರೆ ಜಾಗದಲ್ಲಿ ಒಂದು ಹನಿ ತೆಂಗಿನೆಣ್ಣೆ, ಒಂದು ಹನಿ ಸೋಪಿನ ನೀರು, ಒಂದು ಹನಿ ಸ್ಯಾನಿಟೈಜರ್ ಹಾಕಿ ಒರೆಸಿ ನೋಡಿ. ಯಾವ ಪಟ್ಟಿ ಯಾವುದೆಂದು ಗೊತ್ತಿಲ್ಲದ ಗೆಳೆಯರಿಂದ ಅಂಕ ಹಾಕಿಸಿ. ನಾಲ್ಕು ವಾರದ ಪುಸ್ತಕ ನನಗೆ ತೋರಿಸಿದರೆ ಪ್ರಾಜೆಕ್ಟ್ ಕೆಲಸವಾಗಿ ಪರಿಗಣಿಸುತ್ತೇನೆ. ಫಲಿತಾಂಶ ಮುಂದಿನ ಸಂಚಿಕೆಯಲ್ಲಿ ಬರಲಿ.

ಯಾವ ಮೇಣವೂ ಶಾಶ್ವತವಲ್ಲ. ಹಿಡಿಯುವ ಜಾಗದಲ್ಲಿ ಒಂದಲ್ಲ ಒಂದು ದಿನ ಸವೆಯುತ್ತದೆ. ಕೊಳ್ಳುವವರು ಮೇಜಿನ ಮೇಲೆ ನೋಡುವುದು ಮೊದಲ ದಿನದ ಹೊಳಪನ್ನು ಮಾತ್ರ. ಅರವತ್ತನೆಯ ದಿನದ ಹೊಳಪು ಅವರಿಗೆ ಕಾಣದು, ಮಾಡಿದ ನಿಮಗೆ ಗೊತ್ತಿರುತ್ತದೆ. ಹಾಗಾಗಿ ಪ್ರತಿ ಪೆನ್ನಿನ ಜತೆ ಒಂದು ಚೀಟಿ ಇಡಿ: ಯಾವ ಮರ, ಯಾವ ಲೇಪ, ಸ್ಯಾನಿಟೈಜರ್ ತಾಗಿಸಬೇಡಿ, ಮಂಕಾದರೆ ಈ ಮೇಣ ಸವರಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿ. ಬೆರಳ ಉಗುರಿನಷ್ಟು ಮೇಣವನ್ನು ಕಾಗದದಲ್ಲಿ ಸುತ್ತಿ ಅದರೊಟ್ಟಿಗೆ ಕೊಡಿ. ಸಹಪಾಠಿಯ ಪರೀಕ್ಷಾ ಶುಲ್ಕ ಆ ಪೆನ್ನಿನಿಂದ ಬರಬೇಕು, ಕೊಂಡವರು ಮುಂದಿನ ವರ್ಷವೂ ನಿಮ್ಮ ಹತ್ತಿರವೇ ಬರಬೇಕು.

ಕಾರ್ನೂಬಾ ಚೂರು ಮತ್ತು ತೂಕದ ತಕ್ಕಡಿ ಪ್ರಯೋಗಾಲಯದಲ್ಲಿವೆ. ಶನಿವಾರ ತರಗತಿ ಮುಗಿದ ಮೇಲೆ ಬನ್ನಿ. ಬರುವಾಗ ಮರದ ತುಂಡನ್ನು 600ರವರೆಗೆ ಉಜ್ಜಿಕೊಂಡೇ ಬನ್ನಿ.